ಹೈದರಾಬಾದ್‌ನಲ್ಲಿ ಇಳಿಯುವಾಗ ಚಿತ್ರ ತಡವರಿಸುತ್ತದೆ: 35 ಸಾವಿರದೊಳಗೆ ಯಾವ ಗ್ರಾಫಿಕ್ಸ್ ಕಾರ್ಡ್?

ತೊಗರಿಕಣಜ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಇಟ್ಟುಕೊಂಡಿದ್ದೇನೆ. ಮನೆಯವರ ಬಾಯಲ್ಲಿ ಅದು ಆಟ, ನನ್ನ ಲೆಕ್ಕದಲ್ಲಿ ಹಾರಾಟ. ಶ್ರೀನಿವಾಸ ಸರಡಗಿಯ ನಮ್ಮ ನಿಲ್ದಾಣದಿಂದ ಸೆಸ್ನಾ 172 ಎತ್ತಿದರೆ ದೊಡ್ಡ ತೊಂದರೆಯಿಲ್ಲ, ಕೆಳಗೆ ಬರೀ ಎರೆಹೊಲ. ಎ320 ತೆಗೆದುಕೊಂಡು ಹೈದರಾಬಾದ್‌ಗೆ ಹೋದಾಗಲೇ ಗೋಳು ಶುರು. ಶಂಷಾಬಾದ್‌ನ ರನ್‌ವೇ ಕಣ್ಣೆದುರು ಬರುವ ಹೊತ್ತಿಗೆ ಚಿತ್ರ ನಿಂತು ನಿಂತು ಸಾಗುತ್ತದೆ. ಮೂಗು ಎತ್ತಬೇಕಾದ ಕ್ಷಣ ಕಳೆದುಹೋಗಿ ವಿಮಾನ ನೆಲಕ್ಕೆ ಕುಟ್ಟುತ್ತದೆ.

ನನ್ನ ಯಂತ್ರ: ರೈಜನ್ 5 3600, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್ (ಒಂದೇ ಕಡ್ಡಿ), ಜಿಟಿಎಕ್ಸ್ 1650 4 ಜಿಬಿ, 550 ವ್ಯಾಟ್ ಎಸ್‌ಎಂಪಿಎಸ್ (ವಿದ್ಯುತ್ ಕೊಡುವ ಪೆಟ್ಟಿಗೆ), 24 ಇಂಚಿನ 1080ಪಿ ಮಾನಿಟರ್. ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಲ್ಲಿ ಕೇಳಿದೆ. ‘ಕಣ್ಣು ಮುಚ್ಚಿ ಆರ್‌ಟಿಎಕ್ಸ್ 4060 ಹಾಕಿಸಿ’ ಎಂದರು. ಬೆಂಗಳೂರಿನಲ್ಲಿರುವ ತಮ್ಮ ‘ಅದಕ್ಕಿಂತ ಹಳೆಯ 3060 ಮೇಲು, 12 ಜಿಬಿ ಸ್ಮರಣೆ ಇದೆ’ ಎನ್ನುತ್ತಾನೆ. ಹೊಸದಕ್ಕಿಂತ ಹಳೆಯದು ಹೇಗೆ ಮೇಲಾದೀತು? ಯಾರ ಮಾತು ಕೇಳಲಿ?

ಮಲಗಿದಬುದ್ಧ, ಶಹಾಪುರ

ಅಣ್ಣ, ಕಾರ್ಡ್ ಕೊಳ್ಳುವ ಮೊದಲು ರೆಸಲ್ಯೂಷನ್ ಇಳಿಸಿ ನೋಡಿ. 900ಪಿ ಮಾಡಿದರೆ ಸರಿಹೋಗಬಹುದು. ನಾನು ಹಾಗೆಯೇ ನಡೆಸುತ್ತಿದ್ದೇನೆ. ಮೋಡಗಳು ಹಿಂಜಿದ ಹತ್ತಿಯಂತೆ ಕಾಣುತ್ತವೆ, ಅಷ್ಟೇ.

ಬಿದರಿಕುಸುರಿ, ಬೀದರ್

ಕಣ್ಣು ಮುಚ್ಚಿ ಏನನ್ನೂ ಹಾಕಿಸಬೇಡಿ ಸರ್, ಮೊದಲು ಅಳೆಯಿರಿ. ಸಿಮ್‌ನ (ಸಿಮ್ಯುಲೇಟರ್‌ನ) ಸೆಟ್ಟಿಂಗ್‌ಗಳಲ್ಲಿ ಡೆವಲಪರ್ ಮೋಡ್ ಚಾಲೂ ಮಾಡಿದರೆ ಮೇಲೊಂದು ಪಟ್ಟಿ ಬರುತ್ತದೆ. ಅದರಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ತೋರಿಸುವ ಆಯ್ಕೆ ಇದೆ. ತೆರೆದುಕೊಳ್ಳುವ ಪುಟ್ಟ ಕಿಟಕಿಯಲ್ಲಿ ಎರಡು ಅಂಕಿ ನೋಡಿ: ಒಂದು ಚಿತ್ರಕ್ಕೆ ಮೇನ್‌ಥ್ರೆಡ್ (ಪ್ರೊಸೆಸರ್‌ನ ಮುಖ್ಯ ದಾರ) ಎಷ್ಟು ಮಿಲಿಸೆಕೆಂಡ್, ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಎಷ್ಟು ಮಿಲಿಸೆಕೆಂಡ್. ಯಾವುದು ದೊಡ್ಡದೋ ಅದೇ ನಿಮ್ಮನ್ನು ಹಿಂದಕ್ಕೆ ಎಳೆಯುತ್ತಿದೆ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಎರಡೂ 16.7ರೊಳಗಿರಬೇಕು, 30 ಸಾಕೆಂದರೆ 33.3ರೊಳಗೆ. ಸರಡಗಿಯಲ್ಲಿ ಒಮ್ಮೆ, ಶಂಷಾಬಾದ್‌ನಲ್ಲಿ ಒಮ್ಮೆ ಬರೆದುಕೊಂಡು ಇಲ್ಲಿ ಹಾಕಿ.

ಶಹಾಪುರದವರ ಸಲಹೆ ಜಿಪಿಯು ಸೋತಾಗ ಮಾತ್ರ ಫಲ ಕೊಡುತ್ತದೆ. ಪ್ರೊಸೆಸರ್ ಸೋತಿದ್ದರೆ ರೆಸಲ್ಯೂಷನ್ ಎಷ್ಟು ಇಳಿಸಿದರೂ ಚಿತ್ರ ಕೆಡುತ್ತದೆಯೇ ಹೊರತು ವೇಗ ಬರುವುದಿಲ್ಲ.

ತೊಗರಿಕಣಜ, ಕಲಬುರಗಿ

ಅಳೆದೆ. ಸರಡಗಿಯಲ್ಲಿ ಮೇನ್‌ಥ್ರೆಡ್ 17, ಜಿಪಿಯು 29. ಶಂಷಾಬಾದ್‌ನಲ್ಲಿ ಮೇನ್‌ಥ್ರೆಡ್ 41, ಜಿಪಿಯು 33. ಎರಡೂ ಕಡೆ ಕಾರ್ಡ್‌ನ 4 ಜಿಬಿ ತುಂಬಿ ತುಳುಕುತ್ತಿದೆ. ಹಾಗಾದರೆ ಕಾರ್ಡ್ ಬದಲಿಸಿದರೂ ಹೈದರಾಬಾದ್ ಸುಧಾರಿಸುವುದಿಲ್ಲವೇ?

ಬಿದರಿಕುಸುರಿ, ಬೀದರ್

ಕಾರ್ಡ್ ಒಂದರಿಂದಲೇ ಸುಧಾರಿಸುವುದಿಲ್ಲ. 41 ಮಿಲಿಸೆಕೆಂಡ್ ಎಂದರೆ ಸೆಕೆಂಡಿಗೆ 24 ಚಿತ್ರ. ಲಕ್ಷ ರೂಪಾಯಿಯ ಕಾರ್ಡ್ ತಂದು ಕೂರಿಸಿದರೂ ಅಲ್ಲಿ ಅದು ಕೈಕಟ್ಟಿ ಕಾಯುತ್ತಿರುತ್ತದೆ. ನಗರ ಹತ್ತಿರ ಬಂದಂತೆ ಕಟ್ಟಡ, ವಾಹನ, ನಿಂತ ವಿಮಾನಗಳ ಲೆಕ್ಕವೆಲ್ಲ ಪ್ರೊಸೆಸರ್‌ನ ಒಂದೇ ದಾರದ ಮೇಲೆ ಬೀಳುತ್ತದೆ. ಎ320ಯ ಪರದೆಗಳೂ ಅದೇ ದಾರಕ್ಕೆ ಜೋತುಬಿದ್ದಿವೆ. ಸೆಸ್ನಾದಲ್ಲಿ ಆ ಭಾರವಿಲ್ಲ.

ಆದ್ದರಿಂದ ಮೊದಲ ಖರ್ಚು ಕಾರ್ಡ್‌ಗಲ್ಲ, ಇನ್ನೊಂದು ರ‍್ಯಾಮ್ ಕಡ್ಡಿಗೆ. ಒಂದೇ ಕಡ್ಡಿಯಿದ್ದರೆ ರೈಜನ್ ಒಂದು ಕಾಲಲ್ಲಿ ಓಡಿದಂತೆ. ಈಗಿರುವುದರ ಜೋಡಿಯೇ ತನ್ನಿ, ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್) ಎಕ್ಸ್‌ಎಂಪಿ ಹಚ್ಚಿ, ಕಡ್ಡಿಗಳು ತಮ್ಮ ಪೂರ್ತಿ ವೇಗಕ್ಕೆ ಬರುತ್ತವೆ. ಬಹಳ ಜನರ 3200ರ ರ‍್ಯಾಮ್ 2400ರಲ್ಲೇ ತೂಕಡಿಸುತ್ತಿರುತ್ತದೆ. ಆಮೇಲೆ ಸಿಮ್‌ನಲ್ಲಿ ಟೆರೇನ್ ಎಲ್‌ಒಡಿಯನ್ನು (ದೂರದ ನೆಲದ ವಿವರ ಎಷ್ಟಿರಬೇಕು ಎಂಬ ಅಂಕಿ) 100ಕ್ಕೆ ಇಳಿಸಿ, ನಿಲ್ದಾಣದ ವಾಹನ ಸಂಚಾರ ಕಡಿಮೆ ಮಾಡಿ. ಇವೆರಡೂ ಮೇನ್‌ಥ್ರೆಡ್‌ನ ಭಾರ ಇಳಿಸುತ್ತವೆ.

ಈಗ ಕಾರ್ಡ್. ನಿಮ್ಮ ತಮ್ಮ ಹೇಳಿದ್ದರಲ್ಲಿ ಹುರುಳಿದೆ. ಈ ಸಿಮ್ ನೆಲದ ಚಿತ್ರಗಳನ್ನು ಕಾರ್ಡ್‌ನ ಸ್ಮರಣೆಯಲ್ಲಿ ಪೇರಿಸುತ್ತಾ ಹೋಗುತ್ತದೆ. ಅಲ್ಲಿ ಜಾಗ ಮುಗಿದರೆ ಕಂಪ್ಯೂಟರ್‌ನ ರ‍್ಯಾಮ್‌ಗೆ ಓಡಾಡಬೇಕು. ಆ ಓಡಾಟವೇ ನಿಮ್ಮ ತಡವರಿಕೆಯ ಇನ್ನೊಂದು ಪಾಲು. 2024ರ ಆವೃತ್ತಿಗಂತೂ ಕಂಪನಿಯೇ 8 ಜಿಬಿಯನ್ನು ಶಿಫಾರಸಿನ ಮಟ್ಟ ಎಂದು ಬರೆದಿದೆ, ಉತ್ತಮ ಮಟ್ಟಕ್ಕೆ 12. 4060ಯಲ್ಲಿ ಇರುವುದು 8 ಜಿಬಿ; ಇವತ್ತು ಅದನ್ನು ಕೊಂಡರೆ ನಾಳೆ ಮತ್ತೆ ಇದೇ ಪ್ರಶ್ನೆ.

ಅಂಗಡಿಯವರು ಹೇಳದೆ ಬಿಟ್ಟ ಇನ್ನೊಂದು ಸಂಗತಿ ನಿಮ್ಮ ಬಿ450ಗೆ ನೇರವಾಗಿ ಸಂಬಂಧಿಸಿದ್ದು. ಅದರ ಸ್ಲಾಟ್ ಪಿಸಿಐಇ 3.0, ಅಂದರೆ ಕಾರ್ಡ್‌ಗೂ ಬೋರ್ಡ್‌ಗೂ ನಡುವಿನ ದಾರಿಯ ಹಳೆಯ ಪೀಳಿಗೆ. 4060 ಬಳಸುವುದು ಹದಿನಾರರಲ್ಲಿ ಎಂಟೇ ಲೇನ್. ಹೊಸ ಬೋರ್ಡ್‌ನಲ್ಲಿ ಇದು ಗೊತ್ತಾಗುವುದಿಲ್ಲ. ನಿಮ್ಮಲ್ಲಿ ಸ್ಮರಣೆ ತುಂಬಿದಾಗ ಗೊತ್ತಾಗುತ್ತದೆ: ಓಡಾಡಬೇಕಾದ ದಾರಿಯೇ ಅರ್ಧ ಅಗಲ. 3060 12 ಜಿಬಿಗೆ ಹದಿನಾರೂ ಲೇನ್ ಇವೆ, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಕಾರ್ಡ್‌ಗೂ ಇವೆ.

4060ರ ಪರವಾಗಿಯೂ ಒಂದು ಮಾತು. ಅದು ಎರಡು ಚಿತ್ರಗಳ ನಡುವೆ ತಾನೇ ಒಂದನ್ನು ಹೆಣೆದು ಸೇರಿಸಬಲ್ಲದು, ಅದಕ್ಕೆ ಪ್ರೊಸೆಸರ್‌ನ ಹಂಗಿಲ್ಲ. ಕೇಳಲು ಚೆಂದ. ಆದರೆ ಅಸಲಿ 24 ಚಿತ್ರದ ಮೇಲೆ ಹೆಣೆದರೆ ಕಣ್ಣಿಗೆ ನುಣುಪು, ಕೈಯಲ್ಲಿನ ಜಾಯ್‌ಸ್ಟಿಕ್‌ಗೆ ಅದೇ ಮಂಕು. ಹೆಣೆಯಲಿಕ್ಕೂ ಸ್ಮರಣೆ ಬೇಕು, ಅದೇ ಅಲ್ಲಿ ಕಡಿಮೆ.

ನನ್ನ ಆಯ್ಕೆ 16 ಜಿಬಿಯ 9060 ಎಕ್ಸ್‌ಟಿ. 160 ವ್ಯಾಟ್ ಸಾಕು, ನಿಮ್ಮ ಎಸ್‌ಎಂಪಿಎಸ್ ತಡೆಯುತ್ತದೆ. ಅದೇ ಹೆಸರಲ್ಲಿ 8 ಜಿಬಿಯದೂ ಬರುತ್ತದೆ, ಪೆಟ್ಟಿಗೆ ಓದಿಯೇ ಹಣ ಕೊಡಿ. ನಿಮ್ಮ ಮಿತಿಗೆ ಸಿಗದಿದ್ದರೆ 3060 12 ಜಿಬಿ.

(ಇದನ್ನು ಬರೆಯುತ್ತಿರುವಾಗಲೇ ವಾಯುಪಡೆಯ ಸೂರ್ಯಕಿರಣ ತಂಡದ ಹಾಕ್ ವಿಮಾನಗಳು ಮನೆಯ ಮೇಲೆ ಹಾದುಹೋದವು. ಒಂಬತ್ತೂ ಒಂದೇ ಗೆರೆಯಲ್ಲಿ, ಒಂದೂ ತಡವರಿಸಲಿಲ್ಲ. ಬೀದರ್‌ನಲ್ಲಿರುವವರಿಗೆ ಹೊಟ್ಟೆಕಿಚ್ಚು ಪಡಲು ತಲೆ ಎತ್ತಿದರೆ ಸಾಕು.)

ಮಲಗಿದಬುದ್ಧ, ಶಹಾಪುರ

ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ. ಕೋಣೆ 15 ಡಿಗ್ರಿ ಹೆಚ್ಚು ಕಾದರೆ ಕಾರ್ಡ್ ಕೂಡ ಹೆಚ್ಚುಕಡಿಮೆ ಅಷ್ಟೇ ಕಾಯುತ್ತದೆ. ಚಳಿಗಾಲದಲ್ಲಿ ಅಳೆದು ‘ತಣ್ಣಗಿದೆ’ ಎಂದು ಬರೆದವರ ಮಾತು ನಂಬಿ ಮೋಸ ಹೋಗಬೇಡಿ. ಕ್ಯಾಬಿನೆಟ್‌ಗೆ ಮುಂದಿನಿಂದ ಗಾಳಿ ಎಳೆಯುವ ಫ್ಯಾನ್ ಇದೆಯೇ? ಇನ್ನೊಂದು: ನೀರಿನ ಕೂಲರ್ ಎದುರಿಗೆ ಕಂಪ್ಯೂಟರ್ ಇಡಬೇಡಿ. ಹನಿಯ ಸಮೇತ ಬರುವ ಆ ಗಾಳಿಗೆ ನನ್ನದೊಂದು ಮದರ್‌ಬೋರ್ಡ್ ಬಲಿಯಾಗಿದೆ.

ತೊಗರಿಕಣಜ, ಕಲಬುರಗಿ

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಹೇಳಿದ ಕ್ರಮದಲ್ಲೇ ಮಾಡಿದೆ. ರ‍್ಯಾಮ್ ಕಡ್ಡಿ, ಎಕ್ಸ್‌ಎಂಪಿ, ಎಲ್‌ಒಡಿ, ಇಷ್ಟಕ್ಕೇ ಶಂಷಾಬಾದ್‌ನ 41 ಇಳಿದು 30 ಆಯಿತು. ಹಳೆಯ ಕಾರ್ಡ್ ಇರುವಾಗಲೇ! ಆಮೇಲೆ 16 ಜಿಬಿಯ 9060 ಎಕ್ಸ್‌ಟಿ ತರಿಸಿದೆ, ಮಿತಿ ಸ್ವಲ್ಪ ಮೀರಿತು. ಹಳೆಯ ಡ್ರೈವರ್ ಪೂರ್ತಿ ಕಿತ್ತುಹಾಕಿ ಹೊಸದನ್ನು ಹಾಕಿದೆ. ಈಗ ಜಿಪಿಯು 14. ಮೋಡಗಳನ್ನು ಅಲ್ಟ್ರಾಕ್ಕೆ ಏರಿಸಿದ್ದೇನೆ.

ಆದರೆ ಹೊಸ ಪೀಡೆ ಒಂದು ಗಂಟುಬಿದ್ದಿದೆ. ಕರೆಂಟ್ ಹೋದ ಕೂಡಲೇ ಯುಪಿಎಸ್ ಕಿರುಚಿ ಕಂಪ್ಯೂಟರ್ ಆರಿಹೋಗುತ್ತದೆ. ಮೊದಲು ಹೀಗಾಗುತ್ತಿರಲಿಲ್ಲ. ಯುಪಿಎಸ್ 600 ವಿಎ. ಕಾರ್ಡ್‌ನಲ್ಲೇ ದೋಷವೇ?

ಬಿದರಿಕುಸುರಿ, ಬೀದರ್

ಕಾರ್ಡ್ ನಿರಪರಾಧಿ. ಯುಪಿಎಸ್‌ನ ಹಿಂಭಾಗ ಓದಿ. 600 ವಿಎ ಎಂದು ದಪ್ಪ ಅಕ್ಷರದಲ್ಲಿದ್ದರೆ ಪಕ್ಕದಲ್ಲಿ ಸಣ್ಣದಾಗಿ 360 ವ್ಯಾಟ್ ಎಂದಿರುತ್ತದೆ. ನಿಮಗೆ ಬೇಕಾದದ್ದು ಆ ಸಣ್ಣ ಅಂಕಿ. ಹಳೆಯ 1650 ಎಳೆಯುತ್ತಿದ್ದದ್ದು 75 ವ್ಯಾಟ್, ಇದು 160. ಪ್ರೊಸೆಸರ್, ಮಾನಿಟರ್, ಎಸ್‌ಎಂಪಿಎಸ್ ತಿನ್ನುವ ಪಾಲು ಎಲ್ಲ ಸೇರಿದರೆ ಅಂಚಿಗೆ ಬಂದಿದ್ದೀರಿ. ಯುಪಿಎಸ್‌ಗೆ ಇನ್ನೇನು ಚುಚ್ಚಿದ್ದೀರಿ?

ತೊಗರಿಕಣಜ, ಕಲಬುರಗಿ

ಟೇಬಲ್ ಫ್ಯಾನ್. ಕರೆಂಟ್ ಹೋದಾಗ ನನಗೂ ಗಾಳಿ ಬೇಡವೇ ಸರ್?

ಬಿದರಿಕುಸುರಿ, ಬೀದರ್

ಫ್ಯಾನ್ ಮನೆಯ ಇನ್ವರ್ಟರ್‌ಗೆ, ಕಂಪ್ಯೂಟರ್ ಯುಪಿಎಸ್‌ಗೆ. ಜೊತೆಗೆ ಸಿಮ್‌ನಲ್ಲಿ 30 ಚಿತ್ರಕ್ಕೆ ಮಿತಿ ಹಾಕಿ. ಹೇಗೂ ಶಂಷಾಬಾದ್‌ನಲ್ಲಿ ಅದಕ್ಕಿಂತ ಬಹಳ ಹೆಚ್ಚು ಬರುವುದಿಲ್ಲ, ಹೊಲದ ಮೇಲೆ 60 ಬಂದು ಏನು ಸಾಧಿಸಬೇಕಿದೆ? ಸ್ಥಿರವಾದ 30ರಲ್ಲಿ ಚೆನ್ನಾಗಿ ಇಳಿಸಬಹುದು, ಕಾರ್ಡ್ ಎಳೆಯುವ ವಿದ್ಯುತ್ತೂ ಕಾವೂ ಇಳಿಯುತ್ತವೆ. ಮುಂದೆ ಹಣ ಕೂಡಿದಾಗ 600 ವ್ಯಾಟ್ ಕೊಡುವ ಯುಪಿಎಸ್ ನೋಡಿ.

ತೊಗರಿಕಣಜ, ಕಲಬುರಗಿ

ಫ್ಯಾನ್ ತೆಗೆದು 30ಕ್ಕೆ ಕಟ್ಟಿದೆ. ನಿನ್ನೆ ಸಂಜೆ ಎರಡು ಸಲ ಕರೆಂಟ್ ಹೋಯಿತು, ಎರಡು ಸಲವೂ ವಿಮಾನ ಗಾಳಿಯಲ್ಲೇ ಉಳಿಯಿತು. ಎರಡನೆಯ ಸಲ ಶಂಷಾಬಾದ್‌ನಲ್ಲಿ ಇಳಿಸಿಯೇ ಬಂದ್ ಮಾಡಿದೆ. ಬೆವರಿನಲ್ಲಿ ಮಿಂದಿದ್ದೆ.

ಮಲಗಿದಬುದ್ಧ, ಶಹಾಪುರ

ಅಣ್ಣ, ಆ 1650ಯನ್ನು ಏನು ಮಾಡುವಿರಿ? ನನ್ನ ಎಸ್‌ಎಂಪಿಎಸ್‌ನಲ್ಲಿ ಕಾರ್ಡ್‌ಗೆ ಬೇರೆ ವೈರ್ ಇಲ್ಲ. ಸ್ಲಾಟ್‌ನಿಂದಲೇ ವಿದ್ಯುತ್ ಪಡೆಯುವಂಥದ್ದಾದರೆ ನನಗೆ ಕೊಡಿ.

ತೊಗರಿಕಣಜ, ಕಲಬುರಗಿ

ಇದಕ್ಕೆ ವೈರ್ ಬೇಕಿಲ್ಲ. ಭಾನುವಾರ ಶಹಾಪುರದಲ್ಲಿ ಒಂದು ಮದುವೆ ಇದೆ, ಬರುವಾಗ ತರುತ್ತೇನೆ. ಬೆಲೆ ನೋಡಿದ ಮೇಲೆ ಮಾತಾಡೋಣ.