ಅಮೆರಿಕಾದಿಂದ ತಂದ ಫೋನಿಗೆ ಇಲ್ಲಿನ ಸಿಮ್ ಆಗುತ್ತಿಲ್ಲ, ಏನು ಮಾಡಲಿ?

ಡೊಂಬಿವಲಿಯಿಂದ:

ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮ ಚೌತಿಗೆ ಬಂದಾಗ ತಾನು ಬಳಸುತ್ತಿದ್ದ ಐಫೋನ್ 13 ನನಗೆ ಕೊಟ್ಟು ಹೋದ. ಇಲ್ಲಿನ ಸಿಮ್ ಹಾಕಿದರೆ 'ಈ ಸಿಮ್ ನಡೆಯುವುದಿಲ್ಲ' ಅಂತ ಬರುತ್ತದೆ. ಅವನು ಅಲ್ಲಿನ ಮೊಬೈಲ್ ಕಂಪನಿಗೆ ಎರಡು ಸಲ ಫೋನ್ ಮಾಡಿದ, ಒಬ್ಬೊಬ್ಬರು ಒಂದೊಂದು ಹೇಳಿದರು. ಇಲ್ಲಿ ಸ್ಟೇಷನ್ ಹತ್ತಿರದ ಅಂಗಡಿಯವನು, ಮೂರು ಸಾವಿರ ಕೊಡಿ, ಫೋನ್ ಬಿಟ್ಟು ಹೋಗಿ, ಸಂಜೆ ಬನ್ನಿ ಅನ್ನುತ್ತಾನೆ. ಕೊಡಬಹುದಾ? ಇನ್ನೊಂದು ಕೇಳಬೇಕು. ಅಲ್ಲಿ ಮನೆಯವರದ್ದೆಲ್ಲ ಒಂದೇ ಪ್ಲಾನ್, ಯಾರಿಗೆ ಮೆಸೇಜ್ ಕಳಿಸಿದರೂ ಗೊತ್ತಾಗುತ್ತದೆ ಅಂತ ತಮ್ಮನ ಹೆಂಡತಿ ಬೇಜಾರು ಮಾಡಿಕೊಳ್ಳುತ್ತಾಳೆ. ಇಲ್ಲೂ ಹಾಗೇನಾ? ಕಂಪನಿಯವರು ನಮ್ಮ ಮೆಸೇಜ್ ಓದಬಹುದಾ?

ಠಾಣೆಯಿಂದ:

ಅಕ್ಕಾ, ಫೋನನ್ನು ಆ ಅಂಗಡಿಯಲ್ಲಿ ಬಿಟ್ಟು ಬರಬೇಡಿ. ನಾನು ಬಿಟ್ಟು ಬಂದವನು, ಅದಕ್ಕೇ ಮೊದಲು ಇದನ್ನು ಹೇಳುತ್ತಿದ್ದೇನೆ.

ನನ್ನ ಭಾವ ಟೆಕ್ಸಾಸ್‌ನಿಂದ ತಂದ ಫೋನಿಗೂ ಇದೇ ತೊಂದರೆ. ಗ್ರಾಂಟ್ ರೋಡ್ ಕಡೆಯ ಒಂದು ಅಂಗಡಿಯವರು ಎರಡೂವರೆ ಸಾವಿರ ತೆಗೆದುಕೊಂಡು, ಸಿಮ್ ಕೆಳಗೆ ಕಾಗದದಷ್ಟು ತೆಳುವಾದ ಒಂದು ಚಿಪ್ ಇಟ್ಟು ಕೊಟ್ಟರು. ಎರಡು ತಿಂಗಳು ಓಡಿತು. ಫೋನ್ ಒಂದು ಸಲ ಅಪ್‌ಡೇಟ್ ಆಯಿತು ನೋಡಿ, ಮತ್ತೆ ಅದೇ ಕಥೆ. ಹೋಗಿ ಕೇಳಿದರೆ ಹೊಸ ಚಿಪ್‌ಗೆ ಇನ್ನೂ ಒಂದೂವರೆ ಸಾವಿರ ಅಂದರು. ಹಣ ಹೋದದ್ದು ಹೋಯಿತು. ಅದಕ್ಕಿಂತ ಮನಸ್ಸಿಗೆ ನಾಟಿದ್ದು ಬೇರೆ. ಅವರು ಕೇಳಿದರು ಅಂತ ಪಾಸ್‌ಕೋಡನ್ನು ಚೀಟಿಯಲ್ಲಿ ಬರೆದು ಕೊಟ್ಟಿದ್ದೆ. ಸಂಜೆ ಹೋದಾಗ ನಮ್ಮ ಮನೆಯ ಫೋಟೋಗಳು ಪರದೆಯ ಮೇಲೆ ತೆರೆದೇ ಇದ್ದವು. ಸಿಮ್ ಸರಿ ಮಾಡುವುದಕ್ಕೆ ಫೋಟೋ ಯಾಕೆ ನೋಡಬೇಕು ಅಂತ ಕೇಳಿದೆ. ಉತ್ತರ ಬರಲಿಲ್ಲ.

ಆಮೇಲೆ ವಿಚಾರಿಸಿದಾಗ ತಿಳಿಯಿತು, ಬೇರೆ ಕಂಪನಿಯ ಸಿಮ್ ನಡೆಯದಂತೆ ಐಫೋನಿಗೆ ಹಾಕಿರುವ ಈ ಬೀಗ ಅಂಗಡಿಯವರು ಬಿಚ್ಚುವಂಥದ್ದೇ ಅಲ್ಲ. ಈ ಫೋನು ಇಂಥ ಕಂಪನಿಗೆ ಕಟ್ಟಿದ್ದು ಅಂತ ಆಪಲ್‌ನ ಸರ್ವರ್‌ನಲ್ಲಿ ದಾಖಲಾಗಿರುತ್ತದೆ. ಮಾರಿದ ಆ ಕಂಪನಿ ಬಿಡಿ ಅಂತ ಹೇಳಿದರೆ ಮಾತ್ರ ಬಿಡುಗಡೆ. ಹಾಗಾಗಿ ಕೆಲಸ ಆಗಬೇಕಾದದ್ದು ನ್ಯೂಜೆರ್ಸಿಯಲ್ಲಿ, ಅದೂ ನಿಮ್ಮ ತಮ್ಮನಿಂದಲೇ, ಅಥವಾ ಖಾತೆ ಯಾರ ಹೆಸರಿನಲ್ಲಿದೆಯೋ ಅವರಿಂದ.

ಕಂಪನಿಯಿಂದ ಕಂಪನಿಗೆ ಷರತ್ತು ಬೇರೆ. ಆದರೆ ಎಲ್ಲರೂ ನೋಡುವುದು ಕಂತು ಪೂರ್ತಿ ಕಟ್ಟಿದೆಯಾ, ಫೋನ್ ಕಳವಾಗಿದೆ ಅಂತ ಯಾರಾದರೂ ದೂರು ಕೊಟ್ಟಿದ್ದಾರಾ ಅಂತ. ಕೆಲವರು ಇಷ್ಟು ದಿನ ನಮ್ಮ ನೆಟ್‌ವರ್ಕಿನಲ್ಲೇ ಓಡಿರಬೇಕು ಅಂತಲೂ ಹೇಳುತ್ತಾರೆ. ನೀವು *#06# ಒತ್ತಿ, ಬರುವ 15 ಅಂಕಿಯ ಐಎಂಇಐ ಸಂಖ್ಯೆ, ಅಂದರೆ ಆ ಫೋನಿನ ಗುರುತಿನ ನಂಬರ್, ತಮ್ಮನಿಗೆ ಕಳಿಸಿ. ಫೋನಿನಲ್ಲಿ ಮಾತಾಡುವುದು ಬೇಡ, ಕಂಪನಿಯ ವೆಬ್‌ಸೈಟಿನಲ್ಲಿ ಅರ್ಜಿ ಹಾಕಲಿ ಅಥವಾ ಚಾಟ್‌ನಲ್ಲಿ ಬರೆದು ಕೇಳಲಿ. ಬಾಯಲ್ಲಿ ಹೇಳಿದ್ದನ್ನು ನಾಳೆ ಇನ್ನೊಬ್ಬರು ಇಲ್ಲ ಅನ್ನುತ್ತಾರೆ, ನಿಮಗೆ ಆದದ್ದೂ ಅದೇ ಅಲ್ವಾ? ಬರಹದಲ್ಲಿದ್ದರೆ ತೋರಿಸಬಹುದು. ಒಪ್ಪಿಗೆ ಬಂದ ಮೇಲೆ ಇಲ್ಲಿನ ಸಿಮ್ ಹಾಕಿ ವೈಫೈ ಹಚ್ಚಿ. ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ಕೆಳಗಡೆ ಕ್ಯಾರಿಯರ್ ಲಾಕ್ ಅಂತ ಒಂದು ಸಾಲಿದೆ. ಅಲ್ಲಿ 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಅಂತ ಬಂದರೆ ಬೀಗ ಬಿಚ್ಚಿತು ಅಂತಲೇ. ಬರದಿದ್ದರೆ ಬ್ಯಾಕಪ್ ತೆಗೆದು ಫೋನ್ ಒಂದು ಸಲ ರೀಸೆಟ್ ಮಾಡಬೇಕಾಗಬಹುದು.

ಪೂರ್ತಿ ಹಣ ಕೊಟ್ಟು ಕೊಂಡ ವಸ್ತುವಿಗೆ ಮತ್ತೆ ಅನುಮತಿ ಯಾಕೆ ಬೇಡಬೇಕು ಅಂತ ನನಗೆ ಈಗಲೂ ಸಿಟ್ಟಿದೆ. ಅಮೆರಿಕಾದಲ್ಲಿ 2014ರ ಆಗಸ್ಟ್‌ನಲ್ಲಿ ಗಿರಾಕಿ ಬೀಗ ಬಿಚ್ಚಿಸಿಕೊಳ್ಳುವುದು ತಪ್ಪಲ್ಲ ಅಂತ ಕಾಯ್ದೆ ಬಂತು, ಆದರೆ ಕಂಪನಿಗಳ ಷರತ್ತು ಹೋಗಲಿಲ್ಲ. ಕೆನಡಾದಲ್ಲಿ 2017ರ ಡಿಸೆಂಬರ್‌ನಿಂದ, ಬ್ರಿಟನ್ನಿನಲ್ಲಿ 2021ರ ಡಿಸೆಂಬರ್‌ನಿಂದ ಬೀಗ ಹಾಕಿದ ಫೋನ್ ಮಾರುವಂತೆಯೇ ಇಲ್ಲ. ಅಲ್ಲಿ ಆಗುವುದಾದರೆ ಎಲ್ಲ ಕಡೆ ಆಗಬೇಕು.

ಇನ್ನು ಮೆಸೇಜ್ ವಿಷಯ. ತಮ್ಮನ ಹೆಂಡತಿ ಹೇಳಿದ್ದರಲ್ಲಿ ಅರ್ಧ ಸರಿ. ಅಲ್ಲಿ ಖಾತೆ ಯಾರ ಹೆಸರಿನಲ್ಲಿದೆಯೋ ಅವರಿಗೆ ಯಾವ ನಂಬರಿಗೆ, ಯಾವಾಗ ಎಸ್ಸೆಮ್ಮೆಸ್ ಹೋಯಿತು ಅಂತ ಕಾಣಬಹುದು. ಒಳಗಿನ ಮಾತು ಬಿಲ್ಲಿನಲ್ಲಿ ಬರುವುದಿಲ್ಲ. ಆದರೆ ಎಸ್ಸೆಮ್ಮೆಸ್ ಅಂದರೆ ಇನ್‌ಲ್ಯಾಂಡ್ ಲೆಟರ್ ಅಲ್ಲ, ಪೋಸ್ಟ್ ಕಾರ್ಡ್ ಇದ್ದ ಹಾಗೆ. ಕಂಪನಿಯ ಯಂತ್ರಗಳನ್ನು ದಾಟುವಾಗ ಅದಕ್ಕೆ ಅಂಟು ಹಾಕಿರುವುದಿಲ್ಲ. ಓದಬೇಕು ಅಂತ ಹೊರಟರೆ ಅವರಿಗೆ ಸಾಧ್ಯ, ಓದುವುದು ಕಾನೂನಿಗೆ ವಿರುದ್ಧ ಅಷ್ಟೇ. ನಮ್ಮಲ್ಲಿ ಯಾರು ಯಾರಿಗೆ ಕರೆ, ಮೆಸೇಜ್ ಮಾಡಿದರು ಅನ್ನುವ ದಾಖಲೆಯನ್ನು ಎರಡು ವರ್ಷ ಇಡಬೇಕು ಅಂತ 2021ರ ಡಿಸೆಂಬರ್‌ನಲ್ಲಿ ಸರ್ಕಾರ ಹೇಳಿದೆ. ಮನೆಯ ಮಾತು ವಾಟ್ಸ್ಆ್ಯಪ್‌ನಂಥದ್ದರಲ್ಲೇ ಇರಲಿ, ಅಲ್ಲಿ ಕಳಿಸಿದವರು ಮತ್ತು ಪಡೆದವರಿಗೆ ಮಾತ್ರ ಓದಲು ಬರುತ್ತದೆ.

ಪುಣೆ, ಚಿಂಚ್‌ವಡದಿಂದ:

ಠಾಣೆಯವರು ಹೇಳಿದ್ದು ಸರಿ. ನನ್ನದು ಬೀಗದ ಕಥೆ ಅಲ್ಲ, ಆದರೆ ಮೆಸೇಜ್ ಓದುವುದರ ಬಗ್ಗೆ ಕೇಳಿದ್ದೀರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಸಿಮ್ ಹಾಳಾಗಿ ಬದಲಾಯಿಸಲು ನಮ್ಮ ಮೊಬೈಲ್ ಕಂಪನಿಯದ್ದೇ ಅಂಗಡಿಗೆ ಹೋಗಿದ್ದೆ. ಕೌಂಟರಿನ ಹುಡುಗ, ಕೊಡಿ ಮೇಡಂ ನಾನೇ ಹಾಕಿಕೊಡುತ್ತೇನೆ ಅಂತ ಫೋನ್ ತೆಗೆದುಕೊಂಡ. ಸಿಮ್ ಹಾಕಿ ಸುಮ್ನೆ ಕೊಡಬಹುದಿತ್ತು. ಬ್ಯಾಂಕಿನ ಹಳೇ ಮೆಸೇಜ್‌ಗಳನ್ನೆಲ್ಲ ಮೇಲೆ ಕೆಳಗೆ ಮಾಡಿ, ನಿಮ್ಮ ಖಾತೆಯಲ್ಲಿ ಇಷ್ಟು ಇದೆಯಲ್ಲ, ದೊಡ್ಡ ಪ್ಲಾನ್ ತೆಗೆದುಕೊಳ್ಳಿ ಅಂದ. ನನ್ನ ಕೈಕಾಲು ತಣ್ಣಗಾಯಿತು. ಹಿಂದೆ ನಾಲ್ಕು ಜನ ಸಾಲಿನಲ್ಲಿ ನಿಂತು ಕೇಳುತ್ತಿದ್ದರು.

ದೂರು ಕೊಟ್ಟೆ. ನಂಬರ್ ಕೊಟ್ಟರು, ಮೂರೇ ದಿನದಲ್ಲಿ 'ಪರಿಹಾರವಾಗಿದೆ' ಅಂತ ಮೆಸೇಜ್ ಬಂತು. ಯಾರೂ ಒಂದು ಮಾತು ಕೇಳಿರಲಿಲ್ಲ. ಅಲ್ಲಿಗೆ ಬಿಡಬೇಡಿ. ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಕೇಳುವವರು ಇರಲೇಬೇಕು, 30 ದಿನದೊಳಗೆ ಬರೆಯಬೇಕು, ಶುಲ್ಕ ಇಲ್ಲ. ನಾನು ಬರೆದ ಮೇಲೆ ಅಂಗಡಿಯ ಮ್ಯಾನೇಜರ್ ಫೋನ್ ಮಾಡಿ ಕ್ಷಮೆ ಕೇಳಿದರು. ಅದೂ ಆಗದಿದ್ದರೆ ಗ್ರಾಹಕರ ಆಯೋಗ ಇದೆ. ಟೆಲಿಕಾಂ ದೂರನ್ನು ಅಲ್ಲಿ ಕೇಳಬಹುದು ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇಷ್ಟಕ್ಕೆಲ್ಲ ಯಾಕೆ ಓಡಾಟ ಅಂತ ಮನೆಯಲ್ಲಿ ಕೇಳಿದರು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ತೀರ್ಪು ಬಂತಲ್ಲ, ಆ ಅರ್ಜಿ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅರ್ಜಿ ಹಾಕುವಾಗ ಅವರಿಗೆ ವಯಸ್ಸು ಎಂಬತ್ತು ದಾಟಿತ್ತು. ಅವರು ಅಷ್ಟು ಓಡಾಡಿದಾಗ ನಾನು ಒಂದು ಪತ್ರ ಬರೆಯಬಾರದಾ?

ಒಂದು ವಿಷಯ ಮೊದಲೇ ಗೊತ್ತಿರಲಿ. ಸಿಮ್ ಬದಲಾಯಿಸಿದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಮೋಸ ತಡೆಯಲು ಮಾಡಿದ ನಿಯಮ ಅದು, ಗಾಬರಿ ಬೇಡ. ಆವತ್ತು ಒಟಿಪಿ ಬೇಕಾಗುವ ಕೆಲಸ ಇಟ್ಟುಕೊಳ್ಳಬೇಡಿ. ಅದೇ ನಂಬರ್ ಇಟ್ಟುಕೊಂಡು ಬೇರೆ ಕಂಪನಿಗೆ ಹೋಗುವವರು ಸಿಮ್ ಬದಲಾಯಿಸಿ 7 ದಿನ ಕಾಯಬೇಕು. ಆಮೇಲೆ ಪೋರ್ಟ್ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಕಳಿಸಿದರೆ ಹೊಸ ಕಂಪನಿಗೆ ಕೊಡಬೇಕಾದ ಕೋಡ್ ಬರುತ್ತದೆ. ನಾನು ಹೋಗಿಯೇ ಬಿಟ್ಟೆ.

ಮಡಗಾಂವ್‌ನಿಂದ:

ಹೊಸ ಫೋನ್ ತರಿಸುವವರಿಗೆ ಒಂದು ಮಾತು. ಐಫೋನ್ 14ರಿಂದ ಈಚೆಗೆ ಅಮೆರಿಕಾದಲ್ಲಿ ಮಾರುವ ಫೋನಿನಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಬರೀ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್. ಬೀಗ ಇಲ್ಲದಿದ್ದರೂ ಇಲ್ಲಿನ ಕಂಪನಿಯಿಂದ ಇ-ಸಿಮ್ ಮಾಡಿಸಬೇಕು. ಸೆಕೆಂಡ್ ಹ್ಯಾಂಡ್ ಫೋನ್ ಇಲ್ಲೇ ಕೊಳ್ಳುವುದಾದರೆ ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ, ಜಾಗ, ಐಎಂಇಐ ಬರೆದು 14422ಕ್ಕೆ ಕಳಿಸಿ ನೋಡಿ, ಕಳವಿನ ಮಾಲಾಗಿ ತಡೆ ಹಾಕಿದ್ದರೆ ಹೇಳುತ್ತದೆ.

ಡೊಂಬಿವಲಿಯಿಂದ:

ಎಲ್ಲರಿಗೂ ತುಂಬಾ ಉಪಕಾರ ಆಯಿತು. ತಮ್ಮ ಚಾಟ್‌ನಲ್ಲಿ ಬರೆದು ಕೇಳಿದ. ಎರಡು ಕಂತು ಬಾಕಿ ಇತ್ತಂತೆ, ಅವನಿಗೇ ನೆನಪಿರಲಿಲ್ಲ, ಫೋನಿನಲ್ಲಿ ಮಾತಾಡಿದವರೂ ಅದನ್ನು ಹೇಳಿರಲಿಲ್ಲ. ನಿನ್ನೆ ಕಟ್ಟಿದ್ದಾನೆ. ಅಂಗಡಿಯವನಿಗೆ ಬೇಡ ಅಂದೆ. ಒಪ್ಪಿಗೆಯ ಮೇಲ್ ಬಂದ ತಕ್ಷಣ ಸಿಮ್ ಹಾಕಿ ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.