ಬಿಲ್ಲಿನ ಎಳೆತ ತೂಗಲು ಕಡಿಮೆ ಬೆಲೆಯ ತಕ್ಕಡಿ: ಬಳಸಿದವರು ಹೇಳಿ

ಕೇಳಿದವರು: ನನ್ನದು ರಿಕರ್ವ್ ಬಿಲ್ಲು, ಅಂದರೆ ತುದಿಗಳು ಮುಂದಕ್ಕೆ ಬಾಗಿರುವಂಥದ್ದು. ಲಿಂಬಿನ (ಬಿಲ್ಲಿನ ಬಾಗುವ ತೋಳು) ಮೇಲೆ 28 ಇಂಚಿನ ಎಳೆತಕ್ಕೆ 34 ಪೌಂಡ್ ಎಂದು ಬರೆದಿದೆ. ನನ್ನ ಎಳೆತ ಅಷ್ಟು ಉದ್ದವಿಲ್ಲ, ಸಾಲದ್ದಕ್ಕೆ ಬಿಲ್ಲಿನ ಬಿಗಿ ಹೊಂದಿಸುವ ಲಿಂಬ್ ಬೋಲ್ಟುಗಳನ್ನೂ ತಿರುಗಿಸಿದ್ದೇನೆ. ಈಗ ಬೆರಳಿಗೆ ನಿಜವಾಗಿ ಎಷ್ಟು ಭಾರ ಬೀಳುತ್ತಿದೆ ಎಂದು ತಿಳಿಯದೆ ಹೊಸ ಬಾಣ ಕೊಳ್ಳುವಂತಿಲ್ಲ. ಬಿಲ್ಲಿಗೆಂದೇ ಮಾಡಿದ ತಕ್ಕಡಿಗೆ ಹಣ ಸುರಿಯುವ ಮನಸ್ಸಿಲ್ಲ. ಪ್ರಯಾಣದ ಪೆಟ್ಟಿಗೆ ತೂಗುವ ಡಿಜಿಟಲ್ ತಕ್ಕಡಿ ಸಾಕೇ?

ರಿಕರ್ವ್ ಬಳಸುವವರೊಬ್ಬರು: ಧಾರಾಳವಾಗಿ ಸಾಕು. ಅವುಗಳಲ್ಲಿ ಹೆಚ್ಚಿನವು 50 ಕಿಲೋವರೆಗೆ ತೂಗುತ್ತವೆ, ಅಂದರೆ ಸುಮಾರು 110 ಪೌಂಡ್. ನಿಮಗೆ ಅದರ ಮೂರನೇ ಒಂದು ಪಾಲೂ ಬೇಕಿಲ್ಲ. ಕೊಳ್ಳುವಾಗ ಗ್ರಾಂ ಲೆಕ್ಕದ ಸೂಕ್ಷ್ಮತೆಗೆ ಮರುಳಾಗಬೇಡಿ, ಅರ್ಧ ಇಂಚು ಹೆಚ್ಚು ಎಳೆದರೆ ಸುಮಾರು ಒಂದು ಪೌಂಡ್ ಏರುವ ಕಡೆ ಹತ್ತು ಗ್ರಾಂ ಕಟ್ಟಿಕೊಂಡು ಏನು ಮಾಡುವುದು? ನೋಡಬೇಕಾದದ್ದು ಎರಡೇ: ಕೊಕ್ಕೆ ಮತ್ತು ಅಂಕಿ ನಿಲ್ಲುವ ಬಗೆ. ಕೊಕ್ಕೆ ದುಂಡಾಗಿ, ನುಣುಪಾಗಿ, ಆಳವಾಗಿರಬೇಕು. ತಗಡು ಕತ್ತರಿಸಿ ಬಗ್ಗಿಸಿದಂತಹ ಚಪ್ಪಟೆ ಕೊಕ್ಕೆಯ ಅಂಚು ಹೆದೆಯ ನಡುವಿನ ಸುತ್ತುನೂಲನ್ನು ಕಚ್ಚುತ್ತದೆ. ಕೊಕ್ಕೆಯ ಬದಲು ಪಟ್ಟಿ ಇರುವ ತಕ್ಕಡಿಯೂ ಸಿಗುತ್ತದೆ. ಪಟ್ಟಿ ಹೆದೆಗೆ ಮೃದು, ಆದರೆ ಅದರ ಕೊಂಡಿ ಗಟ್ಟಿಯಾಗಿದೆಯೇ ಎಂದು ಎಳೆದು ನೋಡಿಯೇ ತೆಗೆದುಕೊಳ್ಳಿ. ಭಾರ ಬಿದ್ದಿರುವಾಗ ಹೆದೆ ಜಾರಿದರೆ ಬಾಣವಿಲ್ಲದೆ ಬಿಟ್ಟಂತೆಯೇ ಆಗುತ್ತದೆ. ಲಿಂಬ್ ಸೀಳಬಹುದು, ಮುಖಕ್ಕೂ ಬಡಿಯಬಹುದು.

ಕಾಂಪೌಂಡ್ (ತುದಿಗಳಲ್ಲಿ ಗಾಲಿಗಳಿರುವ ಬಿಲ್ಲು) ಬಳಸುವವರೊಬ್ಬರು: ಮೇಲಿನವರು ಅಂಕಿ ನಿಲ್ಲುವ ಬಗೆ ಎಂದು ಹೇಳಿ ಅಲ್ಲಿಯೇ ಬಿಟ್ಟರು, ನನ್ನ ಮಟ್ಟಿಗೆ ಅದೇ ಮುಖ್ಯ. ಪೆಟ್ಟಿಗೆಯ ತಕ್ಕಡಿ ಭಾರ ಅಲುಗದೆ ಒಂದೆರಡು ಕ್ಷಣ ನಿಂತಾಗ ಅಂಕಿಗೆ ಬೀಗ ಹಾಕುತ್ತದೆ. ಎಳೆಯುವಾಗ ನಡುವೆ ಎಲ್ಲಾದರೂ ತಡೆದು ನಿಂತಿರೋ, ಅಲ್ಲಿಯ ತೂಕವೇ ಪರದೆಯ ಮೇಲೆ ಕೂರುತ್ತದೆ. ರಿಕರ್ವಿನವರು ಒಂದೇ ಸಮನೆ ತಮ್ಮ ಎಳೆತದ ಉದ್ದದವರೆಗೆ ಎಳೆದು ಅಲ್ಲಿ ನಿಂತರೆ ಆಯಿತು, ಅದರಲ್ಲಿ ಕೊನೆಯ ತೂಕವೇ ಅತಿ ಹೆಚ್ಚಿನದು. ಕಾಂಪೌಂಡ್ ಹಾಗಲ್ಲ. ಭಾರ ನಡುವೆ ಶಿಖರ ಮುಟ್ಟಿ ಕೊನೆಯಲ್ಲಿ ಬಹುಪಾಲು ಇಳಿದುಬಿಡುತ್ತದೆ. ಎಷ್ಟೋ ಬಿಲ್ಲುಗಳಲ್ಲಿ ಶೇಕಡ 80ರಷ್ಟು. ನಿಂತ ತೂಕ ತೋರಿಸುವ ತಕ್ಕಡಿ 60 ಪೌಂಡ್ ಬಿಲ್ಲಿಗೆ 12 ಎನ್ನುತ್ತದೆ! ಗರಿಷ್ಠ ಅಂಕಿಯನ್ನು ಹಿಡಿದಿಡುವ ವ್ಯವಸ್ಥೆ ಇದ್ದರೆ ಮಾತ್ರ ನಮಗೆ ಉಪಯೋಗ.

ಹಳೆಯ ಕೈ: ಸ್ಪ್ರಿಂಗ್ ತಕ್ಕಡಿಯನ್ನೇಕೆ ಮರೆತಿರಿ? ಬ್ಯಾಟರಿ ಬೇಡ, ಬೀಗದ ರಗಳೆ ಇಲ್ಲ. ಮುಳ್ಳಿನ ಜೊತೆ ಸರಿದು ಶಿಖರದಲ್ಲೇ ಉಳಿಯುವ ಗುರುತು ಇರುವಂಥದ್ದು ಸಿಕ್ಕರೆ ಬಿಡಬೇಡಿ. ಮಲಗಿಸಿ ಎಳೆಯುವುದಾದರೆ ಮಲಗಿಸಿಯೇ ಸೊನ್ನೆಗೆ ತನ್ನಿ. ತೂಗುಹಾಕಿ ಹೊಂದಿಸಿದ ಸೊನ್ನೆ ಅಡ್ಡ ಹಿಡಿದಾಗ ತುಸು ಸರಿಯುತ್ತದೆ.

ತರಬೇತಿ ಕೊಡುವವರೊಬ್ಬರು: ಯಾವುದನ್ನೇ ಕೊಳ್ಳಿ, ಮೊದಲು ನೀರಿನಿಂದ ಪರೀಕ್ಷಿಸಿ. ಖಾಲಿ ಬಕೆಟ್ ತೂಗುಹಾಕಿ ಸೊನ್ನೆ ಮಾಡಿ, ಅಳೆದು 15 ಲೀಟರ್ ಸುರಿಯಿರಿ. 15 ಕಿಲೋ, ಅಂದರೆ 33 ಪೌಂಡ್ ತೋರಿಸಬೇಕು. ಒಂದೆರಡು ಕಿಲೋ ಸಾಮಾನಿಟ್ಟು ಪರೀಕ್ಷಿಸಿದರೆ ಏನೂ ತಿಳಿಯದು, ನಿಮ್ಮ ಬಿಲ್ಲಿನ ತೂಕದ ಆಸುಪಾಸಿನಲ್ಲೇ ನೋಡಬೇಕು. ಅಂಕಿ ಪ್ರತಿಸಲವೂ ಅಷ್ಟೇ ಹೆಚ್ಚೋ ಕಡಿಮೆಯೋ ಬಂದರೆ ಚಿಂತೆಯಿಲ್ಲ, ಆ ವ್ಯತ್ಯಾಸವನ್ನು ಕಳೆದೋ ಕೂಡಿಸಿಯೋ ಸರಿಪಡಿಸಿಕೊಂಡರಾಯಿತು. ಒಂದೊಂದು ಸಲ ಒಂದೊಂದು ಹೇಳುವ ತಕ್ಕಡಿಯನ್ನು ಹಿಂದಿರುಗಿಸಿ.

ಇನ್ನು ಉದ್ದ. ಬಹಳ ಜನ ಎಡವುವುದು ತಕ್ಕಡಿಯಲ್ಲಲ್ಲ, ಇಲ್ಲಿ. ಗುರಿಯ ಎದುರು ನಿಂತು ಬಾಣ ಹೂಡಿ ಎಂದಿನಂತೆ ಎಳೆಯಿರಿ, ಹಿಡಿಯ ಅತಿ ಆಳದ ಬಿಂದುವಿನ ನೇರಕ್ಕೆ ಬಾಣದ ಮೇಲೆ ಜೊತೆಯವರು ಗುರುತು ಹಾಕಲಿ. ಬಾಣದ ನಾಕ್‌ನಲ್ಲಿ (ಹಿಂತುದಿಯ ಸೀಳು) ಹೆದೆ ಕೂರುವ ತಳದಿಂದ ಆ ಗುರುತಿನವರೆಗೆ ಎಷ್ಟೋ ಅಷ್ಟು ನಿಮ್ಮ ಎಳೆತ. ಅದಕ್ಕೆ 1.75 ಇಂಚು ಕೂಡಿಸಿದರೆ ಲಿಂಬಿನ ಮೇಲಿನ ಲೆಕ್ಕಕ್ಕೆ ಹೊಂದುತ್ತದೆ, ಏಕೆಂದರೆ ಅಲ್ಲಿ ಬರೆದ 28 ಇಂಚು ಹಿಡಿಯ ಆಳದವರೆಗೆ 26.25 ಇಂಚು ಮಾತ್ರ. ತೂಗುವಾಗ ಬಾಣ ಬೇಡ. ತಕ್ಕಡಿಯನ್ನು ಗಟ್ಟಿ ಸರಳಿಗೆ ಕಟ್ಟಿ, ನಾಕ್ ಕೂರುವ ಜಾಗದಲ್ಲಿ ಹೆದೆಯನ್ನು ಕೊಕ್ಕೆಗೆ ಸಿಕ್ಕಿಸಿ, ಹಿಡಿಯನ್ನು ಎರಡೂ ಕೈಯಿಂದ ನಿಧಾನವಾಗಿ ಕೆಳಗೆ ಎಳೆಯಿರಿ. ಜೊತೆಯವರು ಟೇಪು ಹಿಡಿಯಲಿ. ಹೆದೆಯನ್ನು ಅಷ್ಟೇ ನಿಧಾನವಾಗಿ ಹಿಂದಕ್ಕೂ ಬಿಡಿ.

ಕೇಳಿದವರು: ಬಿಲ್ಲು ತಕ್ಕಡಿಗೆ ನೇತಾಡುತ್ತಿರುವುದರಿಂದ ಅದರ ತೂಕವನ್ನು ಕಳೆಯಬೇಕಲ್ಲವೇ? ನೇತುಹಾಕಿ ಸೊನ್ನೆ ಒತ್ತಿಬಿಡಲೇ?

ತರಬೇತಿ ಕೊಡುವವರು: ಬೇಡ. ಹೆದೆಯನ್ನು ಎಳೆಯುತ್ತಿರುವುದು ಬಿಲ್ಲಿನ ಭಾರ ಮತ್ತು ನಿಮ್ಮ ಕೈ ಎರಡೂ ಸೇರಿ. ಬಿಲ್ಲು ಎರಡು ಕಿಲೋ ಇದ್ದರೆ ನಿಮ್ಮ ಕೈಗೆ ಅಷ್ಟು ಕೆಲಸ ಕಡಿಮೆ, ಹೆದೆಯ ಮೇಲಿನ ಬಲ ಕಡಿಮೆಯಲ್ಲ. ಸೊನ್ನೆ ಒತ್ತಿದರೆ ನಾಲ್ಕು ಪೌಂಡಿಗೂ ಹೆಚ್ಚು ಕಳೆದುಹೋಗಿ ಬಾಣದ ಆಯ್ಕೆಯೇ ತಪ್ಪುತ್ತದೆ. ಬರಿ ಕೊಕ್ಕೆಗೆ ಸೊನ್ನೆ ಮಾಡಿ, ಆಮೇಲೆ ಬಿಲ್ಲು ಸಿಕ್ಕಿಸಿ.

ರಿಕರ್ವ್ ಬಳಸುವವರು: ಒಂದು ಮಾತು ಸೇರಿಸುತ್ತೇನೆ. ತಕ್ಕಡಿ ಕೈಯಲ್ಲಿರುವಾಗಲೇ ನಿಮ್ಮ ಎಳೆತಕ್ಕಿಂತ ಒಂದು ಇಂಚು ಹಿಂದೆ ಮತ್ತು ಒಂದು ಇಂಚು ಮುಂದೆ ಕೂಡ ತೂಗಿ ಬರೆದಿಟ್ಟುಕೊಳ್ಳಿ. ಕೊನೆಯ ಇಂಚಿನಲ್ಲಿ ಭಾರ ಒಮ್ಮೆಲೇ ಜಿಗಿದರೆ ಲಿಂಬ್ ನಿಮ್ಮ ಎಳೆತಕ್ಕೆ ಗಿಡ್ಡವಾಗಿದೆ ಎಂದರ್ಥ. ಬಾಣದ ಸ್ಪೈನ್ (ಬಾಗದೆ ನಿಲ್ಲುವ ಬಿಗಿತ) ಪಟ್ಟಿ ನೋಡುವಾಗ ಲಿಂಬಿನ ಮೇಲಿನ 34 ಅನ್ನು ಮರೆತು ನಿಮ್ಮ ಎಳೆತದಲ್ಲಿ ಬಂದ ಅಂಕಿಯನ್ನೇ ಹಿಡಿಯಿರಿ. ಬೋಲ್ಟು ಮತ್ತೆ ತಿರುಗಿಸಿದ ದಿನ ಮತ್ತೆ ತೂಗಿ.