‘ಚಾರ್ಜ್’ ಎಂದರೆ ಶುಲ್ಕವೊಂದೇ ಅಲ್ಲ

ಪ್ರಶ್ನೆ: ನಮಸ್ಕಾರ ಮೇಡಂ. ಮಲ್ಲೇಶ್ವರದ ನಮ್ಮ ಅಪಾರ್ಟ್‌ಮೆಂಟಿಗೆ ಬರುವ ಇಂಗ್ಲಿಷ್ ಪತ್ರಗಳನ್ನು ಹಿರಿಯರಿಗಾಗಿ ನಾನೇ ಕನ್ನಡಕ್ಕೆ ಮಾಡಿಕೊಡುತ್ತೇನೆ. ಸಾಲ ಕೊಟ್ಟ ಬ್ಯಾಂಕಿಗೆ ಫ್ಲ್ಯಾಟಿನ ಮೇಲೆ ‘ಚಾರ್ಜ್’ ಇದೆ ಎಂಬುದನ್ನು ‘ಬ್ಯಾಂಕು ಫ್ಲ್ಯಾಟಿಗೆ ಶುಲ್ಕ ವಿಧಿಸಿದೆ’ ಎಂದು ಬರೆದೆ. ಆ ಮನೆಯ ಯಜಮಾನರು ಎಷ್ಟು ಕಟ್ಟಬೇಕೆಂದು ಕೇಳಿಕೊಂಡು ಬಂದರು! ಬಸ್ ಚಾರ್ಜ್, ಮೊಬೈಲ್ ಚಾರ್ಜ್, ಲಾಠಿ ಚಾರ್ಜ್, ಚಾರ್ಜ್‌ಶೀಟ್ ಎಲ್ಲದರಲ್ಲೂ ಇರುವುದು ಒಂದೇ ಪದವೇ?

ಉತ್ತರ (ಕಾನೂನು ಅನುವಾದಕಿ): ಒಂದೇ ಪದ. ಲ್ಯಾಟಿನ್ನಿನಲ್ಲಿ ಬಂಡಿಗೆ ‘ಕರ್ರುಸ್’ ಎನ್ನುತ್ತಿದ್ದರು. ಬಂಡಿಗೆ ಸರಕು ಹೇರುವುದು ಎಂಬ ಕ್ರಿಯಾಪದ ಅದರಿಂದ ಹುಟ್ಟಿ, ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. ಕನ್ನಡಿಗರಿಗೆ ಈ ದಾರಿ ಹೊಸದೇನಲ್ಲ. ಹೇರೆತ್ತಿನ ಬೆನ್ನಿಗೆ ಮೂಟೆ ಹೇರಿದ ನಾವೇ ತೆರಿಗೆಯನ್ನೂ ಹೇರುತ್ತೇವೆ, ಆರೋಪವನ್ನು ಹೊರಿಸುತ್ತೇವೆ, ಹೊಣೆಯನ್ನು ಹೊರುತ್ತೇವೆ. ಕೋವಿಗೆ ಮದ್ದು ತುಂಬುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಮಾತಿತ್ತು. 18ನೇ ಶತಮಾನದಲ್ಲಿ ಲೈಡನ್ ಜಾಡಿಗೆ (ವಿದ್ಯುತ್ತನ್ನು ಕೂಡಿಡುವ ಗಾಜಿನ ಪಾತ್ರೆಗೆ) ವಿದ್ಯುತ್ತು ತುಂಬಿದವರೂ ಅದನ್ನೇ ಬಳಸಿದರು. ಪಠ್ಯಪುಸ್ತಕದಲ್ಲಿ ಅದು ‘ವಿದ್ಯುದಾವೇಶ’. ಮೊಬೈಲಿಗೆ ಮಾತ್ರ ಆವೇಶ ಬರಿಸುವುದು ಬೇಡ, ‘ಚಾರ್ಜ್’ ಎಂದೇ ಇರಲಿ.

ನಿಮ್ಮ ಪತ್ರದ ‘ಚಾರ್ಜ್’ ಕಾನೂನಿನದು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 100ನೇ ಪ್ರಕರಣದ (ಸೆಕ್ಷನ್) ಪ್ರಕಾರ, ಒಬ್ಬರ ಸ್ಥಿರಾಸ್ತಿಯು ಮತ್ತೊಬ್ಬರಿಗೆ ಸಲ್ಲಬೇಕಾದ ಹಣಕ್ಕೆ ಭದ್ರತೆಯಾಗಿದ್ದು, ಆ ವ್ಯವಹಾರವು ಅಡಮಾನದ ಮಟ್ಟವನ್ನು ಮುಟ್ಟದಿದ್ದರೆ ಅದು ‘ಚಾರ್ಜ್’. ಆದುದರಿಂದ ‘ಫ್ಲ್ಯಾಟಿನ ಮೇಲೆ ಬ್ಯಾಂಕಿನ ಋಣಭಾರವಿದೆ’ ಎಂದು ಬರೆಯಿರಿ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದವರಿಗೆಲ್ಲ ಈ ಪದ ಗೊತ್ತು. ಮೂಲದಲ್ಲಿ ‘ಮಾರ್ಟ್‌ಗೇಜ್’ ಎಂದಿಲ್ಲದೆ ‘ಅಡಮಾನ’ ಎಂದು ಬರೆಯಬೇಡಿ.

ಇನ್ನೊಂದು ತಪ್ಪು ಪತ್ರಿಕೆಗಳಲ್ಲೂ ಕಾಣುತ್ತದೆ. ಚಾರ್ಜ್‌ಶೀಟ್ ಎಂಬುದು ಪೊಲೀಸರು ಸಲ್ಲಿಸುವ ದೋಷಾರೋಪ ಪಟ್ಟಿ; ಅದನ್ನು ಪರಿಶೀಲಿಸಿ ‘ಚಾರ್ಜ್’ ರೂಪಿಸುವುದು ನ್ಯಾಯಾಲಯ. ಎರಡನ್ನೂ ಬರಿಯ ‘ಆರೋಪ’ ಎಂದರೆ ಯಾರು ಏನು ಮಾಡಿದರೆಂಬುದೇ ಅಳಿಸಿಹೋಗುತ್ತದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಹಾಗಾದರೆ ‘ಇನ್‌ಚಾರ್ಜ್’ಗೆ ಪ್ರಭಾರವೋ ಉಸ್ತುವಾರಿಯೋ?

ಉತ್ತರ: ಖಾಲಿ ಹುದ್ದೆಯನ್ನು ತಾತ್ಕಾಲಿಕವಾಗಿ ನೋಡಿಕೊಳ್ಳುವವರು ‘ಪ್ರಭಾರ ಮುಖ್ಯೋಪಾಧ್ಯಾಯರು’, ಮೇಲ್ವಿಚಾರಣೆಯ ಹೊಣೆಯುಳ್ಳವರು ‘ಜಿಲ್ಲಾ ಉಸ್ತುವಾರಿ ಸಚಿವರು’. ಇಂಗ್ಲಿಷಿನಲ್ಲಿ ‘ಇನ್ ಚಾರ್ಜ್ ಆಫ್’ ಎಂದರೆ ನೋಡಿಕೊಳ್ಳುವವರು, ‘ಇನ್ ದ ಚಾರ್ಜ್ ಆಫ್’ ಎಂದರೆ ಇನ್ನೊಬ್ಬರ ಸುಪರ್ದಿನಲ್ಲಿರುವವರು. ಆ ‘ದ’ ಕಣ್ತಪ್ಪಿದರೆ ದಾದಿಯ ಆರೈಕೆಯಲ್ಲಿರುವ ಮಗುವೇ ದಾದಿಯನ್ನು ನೋಡಿಕೊಳ್ಳುತ್ತಿರುವಂತೆ ಅನುವಾದವಾಗುತ್ತದೆ.